ಸೋಲಾರಿಸ್ ಮೂಲಪಾಠದ ಪ್ರಕಟನೆ: ದಾನವೋ, ಉತ್ಸರ್ಗವೋ, ಅನುಮತಿಯೋ?

೧

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ನೆಲೆಸಿದ್ದ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪ್ಯೂಟರ್ ಕಂಪೆನಿಯು ೨೦೦೫ನೆಯ ಇಸವಿ ಜೂನ್ ೧೪ರಂದು, ತಾನು ಬಹುವರ್ಷಗಳಿಂದ ಗೋಪ್ಯವಾಗಿ ಕಾಪಾಡಿಕೊಂಡು ಬಂದಿದ್ದ ಸೋಲಾರಿಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೂಲಪಾಠವನ್ನು, ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು ಎಂಬ ಅನುಮತಿಯೊಡನೆ ಲೋಕಕ್ಕೆ ಬಿಡುಗಡೆ ಮಾಡಿತು. ಹಾಗೆ ಪ್ರಕಟವಾದ ಪಾಠವು ೫೦ ಲಕ್ಷ ಪಂಕ್ತಿಗಳನ್ನು ಮೀರಿದ್ದಿತು. ಇದಾದ ಐದು ವರ್ಷಗಳೊಳಗಾಗಿ ಆ ಕಂಪೆನಿಯೇ ಪರರ ಪಾಲಾಯಿತು. ಹೊಸ ಒಡೆಯರು ತೆರೆದಿದ್ದ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದರು. ಆದರೂ ಒಮ್ಮೆ ಹೊರಬಂದ ಪಾಠವು ಬೇರೆ ಬೇರೆ ಕೈಗಳಲ್ಲಿ ಇಂದಿಗೂ ಬೆಳೆಯುತ್ತಲೇ ಇದೆ.

ಕೊಟ್ಟವನೇ ಇಲ್ಲವಾದ ಮೇಲೂ ಕೊಟ್ಟುದು ಉಳಿದದ್ದು ಹೇಗೆ? ಉಳಿಯದೆ ಹೋದ ಭಾಗ ಯಾವುದು, ಏಕೆ ಹೋಯಿತು? ಇದು ವ್ಯಾಪಾರಿಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯೆಂದು ತೋರಬಹುದು. ಆದರೆ ಗ್ರಂಥಗಳ ಪಾಠಪರಂಪರೆಯನ್ನು ಶೋಧಿಸುವುದನ್ನೇ ವೃತ್ತಿಯಾಗಿ ಉಳ್ಳ ವಿದ್ವಾಂಸರಿಗೆ ಇದರಲ್ಲಿ ಪರಿಚಿತವಾದ ಅಂಶಗಳು ಅನೇಕವಾಗಿ ಕಂಡುಬರುವುವು. ಒಂದು ಗ್ರಂಥವು ಒಬ್ಬನ ಭಂಡಾರದಿಂದ ಹೊರಟು ಹಲವರ ಕೈಸೇರಿ ಶಾಖೆಗಳಾಗಿ ಒಡೆಯುವ ಕಥೆಯೇ ಇದು. ಭೇದವಿಷ್ಟೇ, ಇದರ ಪ್ರತಿಯೊಂದು ಘಟ್ಟಕ್ಕೂ ತಿಂಗಳು ತಾರೀಖುಗಳ ಆಧಾರವಿದೆ.

೨

ವಿಷಯವಿಚಾರಕ್ಕೆ ಮೊದಲು ಕೆಲವು ಪದಗಳ ಅರ್ಥವನ್ನು ನಿಷ್ಕರ್ಷೆ ಮಾಡಿಕೊಳ್ಳುವುದು ಆವಶ್ಯಕ. ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶಕ್ಕೆ ಸಾಮಾನ್ಯವಾಗಿ ಎರಡು ರೂಪಗಳುಂಟು. ಮೊದಲನೆಯದು ಮನುಷ್ಯನು ‘ಸಿ’ ಮೊದಲಾದ ಕೃತಕಭಾಷೆಗಳಲ್ಲಿ ಬರೆಯುವ ರೂಪ. ಇದನ್ನು ಸೋರ್ಸ್ ಕೋಡ್ ಎನ್ನುವರು. ಇಲ್ಲಿ ಮೂಲಪಾಠವೆಂದು ಕರೆದಿರುವುದು ಇದನ್ನೇ. ಕಂಪೈಲರ್ ಎಂಬ ಮತ್ತೊಂದು ತಂತ್ರಾಂಶವು ಆ ಮೂಲಪಾಠವನ್ನು ಯಂತ್ರಕ್ಕೆ ಗ್ರಾಹ್ಯವಾಗುವ ಅಂಕಿಗಳ ಸರಣಿಯಾಗಿ ಮಾರ್ಪಡಿಸಿದಾಗ ದೊರೆಯುವುದು ಎರಡನೆಯ ರೂಪ, ಎಂದರೆ ಯಂತ್ರರೂಪ. ಯಂತ್ರರೂಪವಿದ್ದರೆ ಕೆಲಸವೇನೋ ನಡೆಯುತ್ತದೆ. ಆದರೆ ಅದು ಹೇಗೆ ನಡೆಯುತ್ತಿದೆ, ಹಾಗೆಯೇ ನಡೆಯಬೇಕೆಂದು ಕರ್ತೃವು ಏಕೆ ನಿಶ್ಚಯಿಸಿದನು ಎಂಬುದನ್ನು ಅದರಿಂದ ಅರಿಯುವುದು ಬಹಳ ಕಷ್ಟ. ಬರೆದವರು ಮುಂದಿನವರ ಉಪಯೋಗಕ್ಕಾಗಿ ಪಂಕ್ತಿಗಳ ನಡುವೆ ಸೇರಿಸಿದ ಟಿಪ್ಪಣಿಗಳೆಲ್ಲವೂ ಮೂಲಪಾಠದಲ್ಲಿಯೇ ನಿಂತುಬಿಡುತ್ತವೆ. ಯಂತ್ರರೂಪಕ್ಕೆ ಅವು ಬರುವುದಿಲ್ಲ. ವಾಣಿಜ್ಯ ಕಂಪೆನಿಗಳು ಯಂತ್ರರೂಪವನ್ನು ಮಾತ್ರ ಮಾರಿ ಮೂಲಪಾಠವನ್ನು ತಮ್ಮಲ್ಲಿಯೇ ಇರಿಸಿಕೊಳ್ಳುವುದು ರೂಢಿಯಾಗಿದ್ದಿತು.

ತಂತ್ರಾಂಶಗಳಲ್ಲಿ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿಗೆ, ವಿಶೇಷ ಸ್ಥಾನವಿದೆ. ಯಂತ್ರದ ಸ್ಮೃತಿ, ಕಾಲ, ಕಡತಗಳು ಇವುಗಳನ್ನು ಇತರ ಎಲ್ಲ ತಂತ್ರಾಂಶಗಳಿಗೂ ಹಂಚಿಕೊಟ್ಟು, ಒಂದರ ಪಾಲಿಗೆ ಮತ್ತೊಂದು ಕೈಹಾಕದಂತೆ ನೋಡಿಕೊಳ್ಳುವುದು ಇದರ ಕೆಲಸ. ಆದುದರಿಂದ ಇದರ ಮೂಲಪಾಠವನ್ನು ಪ್ರಕಟಿಸುವುದೆಂದರೆ ಮನೆಯ ಒಂದು ಕೋಣೆಯನ್ನಲ್ಲ, ತಳಪಾಯವನ್ನೇ ತೋರಿಸಿದಂತೆ.

೩

ಸೋಲಾರಿಸಿನ ವಂಶಮೂಲವು ಯೂನಿಕ್ಸ್ ಎಂಬ ವ್ಯವಸ್ಥೆ. ಅಮೆರಿಕದ ದೂರವಾಣಿ ಕಂಪೆನಿಯಾದ ಎ.ಟಿ. ಅಂಡ್ ಟಿ.ಗೆ ಸೇರಿದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ೧೯೬೯ರಲ್ಲಿ ಇದನ್ನು ಆರಂಭಿಸಿದರು. ೧೯೫೬ರ ನ್ಯಾಯಾಲಯದ ಒಂದು ಒಪ್ಪಂದದ ಪ್ರಕಾರ ಆ ಕಂಪೆನಿಯು ದೂರಸಂಪರ್ಕದ ಹೊರತು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಮಾರಲು ಅವಕಾಶವಿಲ್ಲದ ಈ ಸರಕನ್ನು ಅದು ವಿಶ್ವವಿದ್ಯಾನಿಲಯಗಳಿಗೆ ಅಲ್ಪಶುಲ್ಕಕ್ಕೆ ಮೂಲಪಾಠಸಹಿತವಾಗಿ ಕೊಡುತ್ತ ಬಂದಿತು. ಹೀಗಾಗಿ ಯೂನಿಕ್ಸಿನ ಮೊದಲ ಪ್ರಸಾರಕ್ಕೆ ಕಾರಣವಾದುದು ಔದಾರ್ಯವಲ್ಲ, ನಿರ್ಬಂಧ ಎಂಬುದು ಗಮನಾರ್ಹ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಜಾನ್ ಲಯನ್ಸ್ ಎಂಬುವರು ಯೂನಿಕ್ಸಿನ ಆರನೆಯ ಆವೃತ್ತಿಯ ಮೂಲಪಾಠವನ್ನು ಒಂದು ಸಂಪುಟದಲ್ಲಿಯೂ, ಅದಕ್ಕೆ ತಾವು ಬರೆದ ವ್ಯಾಖ್ಯಾನವನ್ನು ಮತ್ತೊಂದು ಸಂಪುಟದಲ್ಲಿಯೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದರು. ೧೯೭೭ರ ಹೊತ್ತಿಗೆ ಇದು ಬಳಕೆಗೆ ಬಂದಿತು. ಕಾರ್ಯಾಚರಣ ವ್ಯವಸ್ಥೆಯೊಂದನ್ನು ಮೂಲ ಮತ್ತು ಟೀಕೆಗಳ ಕ್ರಮದಲ್ಲಿ ಪಾಠ ಹೇಳಿದ ಪ್ರಸಿದ್ಧ ನಿದರ್ಶನವಿದು. ಆದರೆ ೧೯೭೯ರ ಏಳನೆಯ ಆವೃತ್ತಿಯ ಅನುಮತಿಪತ್ರವು ಮೂಲಪಾಠವನ್ನು ತರಗತಿಯಲ್ಲಿ ಬೋಧಿಸಕೂಡದೆಂದು ವಿಧಿಸಿತು. ಅಲ್ಲಿಂದ ಮುಂದೆ ಲಯನ್ಸರ ವ್ಯಾಖ್ಯಾನವು ಪ್ರತಿಯಿಂದ ಪ್ರತಿಗೆ ನಕಲಾಗುತ್ತ ಗುಪ್ತವಾಗಿ ಸಂಚರಿಸಿತು. ಅದು ಅಧಿಕೃತವಾಗಿ ಮುದ್ರಣಗೊಂಡುದು ೧೯೯೬ರಲ್ಲಿ. ಮೂಲಪಾಠವು ಒಡೆಯನ ಇಚ್ಛೆಯೊಂದನ್ನೇ ಆಶ್ರಯಿಸಿದ್ದರೆ ಇಂದು ಪಾಠ್ಯವಾದುದು ನಾಳೆ ನಿಷಿದ್ಧವಾಗಬಹುದೆಂಬುದಕ್ಕೆ ಈ ಪ್ರಸಂಗವು ಸಾಕ್ಷಿಯಾಗಿದೆ.

ಇತ್ತ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಯೂನಿಕ್ಸಿಗೆ ಒಂದು ಪ್ರತ್ಯೇಕ ಶಾಖೆ ಹುಟ್ಟಿತು. ಅದರ ಪ್ರಮುಖ ಕರ್ತೃಗಳಲ್ಲಿ ಒಬ್ಬರಾದ ಬಿಲ್ ಜಾಯ್, ಮತ್ತು ಆಂಡಿ ಬೆಕ್ಟೋಲ್ಶೈಮ್, ಸ್ಕಾಟ್ ಮೆಕ್‌ನೀಲಿ, ಭಾರತೀಯರಾದ ವಿನೋದ್ ಖೋಸ್ಲಾ ಈ ನಾಲ್ವರು ಸೇರಿ ೧೯೮೨ರಲ್ಲಿ ಸ್ಥಾಪಿಸಿದುದೇ ಸನ್ ಕಂಪೆನಿ. ಈ ಹೆಸರಿಗೂ ಸೂರ್ಯನಿಗೂ ವ್ಯುತ್ಪತ್ತಿಯಲ್ಲಿ ಸಂಬಂಧವಿಲ್ಲ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಎಂಬ ಮೂರು ಪದಗಳ ಆದ್ಯಕ್ಷರಗಳಿಂದ ಅದು ಬಂದಿದೆ. ಕಂಪೆನಿಯ ಮೊದಲ ಕಾರ್ಯಾಚರಣ ವ್ಯವಸ್ಥೆಯು ಬರ್ಕ್ಲಿ ಶಾಖೆಯನ್ನು ಅನುಸರಿಸಿದ್ದಿತು. ೧೯೮೭ರಲ್ಲಿ ಎ.ಟಿ. ಅಂಡ್ ಟಿ.ಯೊಡನೆ ಸಖ್ಯವಾದ ತರುವಾಯ ಎರಡು ಶಾಖೆಗಳನ್ನೂ ಸಮನ್ವಯಗೊಳಿಸಿದ ಹೊಸ ಪಾಠವೊಂದು ಏರ್ಪಟ್ಟಿತು. ಅದರ ಮೇಲೆ ಕಟ್ಟಿದ ಸೋಲಾರಿಸ್ ೧೯೯೨ರಿಂದ ಮಾರುಕಟ್ಟೆಗೆ ಬಂದಿತು.

ಇದರಿಂದ ಒಂದು ತೊಡಕು ಉಂಟಾಯಿತು. ಸೋಲಾರಿಸಿನ ಪಾಠವು ಅನೇಕ ಕೈಗಳ ಬರಹಗಳಿಂದ ಮಿಶ್ರವಾಗಿದ್ದು, ಅದರ ಕೆಲವು ಭಾಗಗಳ ಗ್ರಂಥಸ್ವಾಮ್ಯ ಇತರರದಾಗಿದ್ದಿತು. ಯೂನಿಕ್ಸಿನ ಹಕ್ಕುಗಳು ೧೯೯೩ರಲ್ಲಿ ನೋವೆಲ್ ಎಂಬ ಕಂಪೆನಿಗೆ ಸೇರಿದುವು. ಮರುವರ್ಷ ಸನ್ ೮ ಕೋಟಿ ಡಾಲರುಗಳಿಗೂ ಹೆಚ್ಚು ಹಣ ತೆತ್ತು ತನ್ನ ಪಾಠದ ಮೇಲೆ ವಿಶಾಲವಾದ ಹಕ್ಕುಗಳನ್ನು ಪಡೆದುಕೊಂಡಿತು. ಈ ಋಣವಿಮೋಚನೆ ಆಗದಿದ್ದರೆ ಮುಂದಿನ ಬಿಡುಗಡೆಯನ್ನು ಯೋಚಿಸುವುದೇ ದುಸ್ಸಾಧ್ಯವಾಗುತ್ತಿದ್ದಿತು. ತನ್ನದಲ್ಲದುದನ್ನು ಕೊಡಲು ಯಾರಿಗೂ ಅಧಿಕಾರವಿಲ್ಲವಷ್ಟೆ.

೪

ಲಾಭಕ್ಕಾಗಿಯೇ ನಡೆಯುವ ಸಂಸ್ಥೆಯೊಂದು ಇಷ್ಟು ಹಣ ತೆತ್ತು ತನ್ನದಾಗಿಸಿಕೊಂಡ ಆಸ್ತಿಯನ್ನು ಎಲ್ಲರಿಗೂ ತೆರೆದುದಕ್ಕೆ ಕಾರಣವೇನು? ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಯೂನಿಕ್ಸನ್ನು ಹೋಲುವ ಲಿನಕ್ಸ್ ಎಂಬ ವ್ಯವಸ್ಥಾಮೂಲವನ್ನು ಸ್ವತಂತ್ರವಾಗಿ ಬರೆದು ಪ್ರಕಟಿಸಿದರು. ಮರುವರ್ಷ ಅದು ಜಿ.ಪಿ.ಎಲ್. ಎಂಬ ಮುಕ್ತ ಅನುಮತಿಪತ್ರದ ಆಶ್ರಯಕ್ಕೆ ಬಂದಿತು. ಅಗ್ಗದ ಯಂತ್ರಗಳ ಮೇಲೆ ನಡೆಯುವ ಈ ವ್ಯವಸ್ಥೆಯು ಹತ್ತು ವರ್ಷಗಳಲ್ಲಿ ಸನ್ನಿನ ದುಬಾರಿ ಯಂತ್ರಗಳಿಗೆ ಎದುರಾಳಿಯಾಯಿತು. ೨೦೦೦ದ ಅನಂತರ ಅಂತರಜಾಲವನ್ನೇ ನಂಬಿದ್ದ ಅನೇಕ ಹೊಸ ಕಂಪೆನಿಗಳು ಮುಳುಗಿದಾಗ ಸನ್ನಿನ ಗಿರಾಕಿಗಳೂ ಕಡಮೆಯಾದರು. ನೆಟ್‌ಸ್ಕೇಪ್ ಕಂಪೆನಿ ೧೯೯೮ರಲ್ಲಿ ತನ್ನ ಜಾಲವೀಕ್ಷಕದ ಮೂಲಪಾಠವನ್ನೂ, ಆಪಲ್ ಕಂಪೆನಿ ೧೯೯೯ರಲ್ಲಿ ತನ್ನ ಹೊಸ ವ್ಯವಸ್ಥೆಯ ಬುಡಭಾಗವಾದ ಡಾರ್ವಿನ್ನನ್ನೂ ತೆರೆದುದು ಕಣ್ಣಮುಂದಿನ ನಿದರ್ಶನವಾಗಿದ್ದುವು. ಮೂಲಪಾಠವನ್ನು ಓದಿದವರು ವ್ಯವಸ್ಥೆಯನ್ನು ಬಳಸುವರು, ಬಳಸಿದವರು ಯಂತ್ರವನ್ನೂ ಸೇವೆಯನ್ನೂ ಕೊಳ್ಳುವರು ಎಂಬುದು ಸನ್ನಿನ ಲೆಕ್ಕಾಚಾರವಾಗಿದ್ದಿತು.

ಹಾಗೆಂದು ಇದನ್ನು ಕೇವಲ ವ್ಯಾಪಾರತಂತ್ರವೆಂದು ತಳ್ಳಿಹಾಕುವುದೂ ಸಾಧುವಲ್ಲ. ಬರ್ಕ್ಲಿಯ ವಿದ್ವದ್ಗೋಷ್ಠಿಯಿಂದ ಹೊರಟ ಕಂಪೆನಿಯಲ್ಲಿ ಪಾಠವನ್ನು ಹಂಚಿಕೊಳ್ಳುವ ಸಂಸ್ಕಾರ ಮೊದಲಿನಿಂದಲೂ ಇದ್ದಿತು. ಶಿಲಾಶಾಸನದ ದಾತನು ಪುಣ್ಯಕ್ಕಾಗಿ ಕೊಟ್ಟನೋ ಕೀರ್ತಿಗಾಗಿ ಕೊಟ್ಟನೋ ಎಂಬ ಚರ್ಚೆಯಿಂದ ಭೂಮಿಯ ಎಲ್ಲೆ ವ್ಯತ್ಯಾಸವಾಗುವುದಿಲ್ಲ. ಇಲ್ಲಿಯೂ ದಾತನ ಮನಸ್ಸಿಗಿಂತ ಶಾಸನದ ಒಕ್ಕಣೆಯೇ ಪ್ರಮಾಣ.

೫

ಆ ಒಕ್ಕಣೆಗೆ ಸಿ.ಡಿ.ಡಿ.ಎಲ್. ಎಂದು ಹೆಸರು. ನೆಟ್‌ಸ್ಕೇಪಿನ ಬಿಡುಗಡೆಯಿಂದ ಹುಟ್ಟಿದ ಮೊಜಿಲ್ಲ ಅನುಮತಿಪತ್ರವನ್ನು ಪರಿಷ್ಕರಿಸಿ ಸನ್ ಇದನ್ನು ರಚಿಸಿತು. ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆಯು ೨೦೦೫ರ ಜನವರಿಯಲ್ಲಿ ಇದನ್ನು ಅಂಗೀಕರಿಸಿತು. ಅದೇ ತಿಂಗಳ ೨೫ರಂದು, ನಡೆಯುತ್ತಿರುವ ವ್ಯವಸ್ಥೆಯನ್ನು ನಿಲ್ಲಿಸದೆಯೇ ಅದರ ಒಳನಡೆಯನ್ನು ಪರೀಕ್ಷಿಸುವ ಡಿಟ್ರೇಸ್ ಎಂಬ ಸಾಧನದ ಪಾಠವು ಮೊದಲು ಹೊರಬಂದಿತು. ಜೂನ್ ತಿಂಗಳಿನಲ್ಲಿ ವ್ಯವಸ್ಥೆಯ ಪ್ರಧಾನಭಾಗವೂ, ನವೆಂಬರಿನಲ್ಲಿ ಜಡ್.ಎಫ್.ಎಸ್. ಎಂಬ ಕಡತವ್ಯವಸ್ಥೆಯೂ ಪ್ರಕಟವಾದುವು. ಜಡ್.ಎಫ್.ಎಸ್. ತಾನು ಬರೆದಿಡುವ ಪ್ರತಿಯೊಂದು ಖಂಡಕ್ಕೂ ಒಂದು ತಾಳೆಯ ಸಂಖ್ಯೆಯನ್ನು ಬೇರೆಯಾಗಿ ಇಟ್ಟುಕೊಂಡು, ಓದುವಾಗ ಎರಡನ್ನೂ ಹೋಲಿಸಿ, ಕಾಣದಂತೆ ನುಸುಳಿದ ದೋಷವನ್ನು ಹಿಡಿಯುತ್ತದೆ. ಲಿಪಿಕಾರರು ಗ್ರಂಥಾಂತ್ಯದಲ್ಲಿ ಗ್ರಂಥಸಂಖ್ಯೆಯನ್ನು ನಮೂದಿಸಿ ಲೋಪವನ್ನು ಪತ್ತೆಹಚ್ಚಲು ಅನುಕೂಲ ಮಾಡುತ್ತಿದ್ದುದನ್ನು ಬಲ್ಲವರಿಗೆ ಈ ಉಪಾಯ ಅಪೂರ್ವವೆನಿಸದು.

ಅನುಮತಿಪತ್ರದ ಮುಖ್ಯವಿಧಿಗಳು ಮೂರು. ಪಾಠವನ್ನು ಬಳಸಲು, ತಿದ್ದಲು, ಹಂಚಲು ಎಲ್ಲರಿಗೂ ಶುಲ್ಕವಿಲ್ಲದ ಹಕ್ಕುಂಟು. ತಿದ್ದಿದ ಕಡತದ ಯಂತ್ರರೂಪವನ್ನು ಹಂಚುವವನು ಆ ಕಡತದ ಮೂಲಪಾಠವನ್ನೂ ಅದೇ ಅನುಮತಿಯ ಮೇಲೆ ಒದಗಿಸಬೇಕು. ವಿಧಿಯನ್ನು ಮುರಿದು, ತಿಳಿದ ೩೦ ದಿನಗಳೊಳಗೆ ಸರಿಪಡಿಸದವನ ಹಕ್ಕು ತಪ್ಪುತ್ತದೆ. ಕೊಟ್ಟವನು ಮನಸ್ಸು ಬದಲಿಸಿದರೆ ಹಿಂದಕ್ಕೆ ಪಡೆಯಬಹುದೆಂಬ ಮಾತು ಅದರಲ್ಲಿ ಇಲ್ಲ.

ಈ ಪತ್ರದ ಒಕ್ಕಣೆಯು ಲಿನಕ್ಸಿನ ಜಿ.ಪಿ.ಎಲ್. ವಿಧಿಗಳೊಡನೆ ಹೊಂದುವುದಿಲ್ಲವೆಂಬುದು ಪ್ರಬಲವಾದ ಅಭಿಪ್ರಾಯ. ಈ ವಿರೋಧವನ್ನು ಬುದ್ಧಿಪೂರ್ವಕವಾಗಿಯೇ ಇಡಲಾಯಿತೆಂದು, ಪತ್ರದ ರಚನೆಯ ಕಾಲದಲ್ಲಿ ಸನ್ನಿನಲ್ಲಿದ್ದ ಡಾನೀಸ್ ಕೂಪರ್ ೨೦೦೬ರಲ್ಲಿ ಹೇಳಿದರು. ಅದೇ ಕಂಪೆನಿಯ ಸೈಮನ್ ಫಿಪ್ಸ್ ಇದನ್ನು ನಿರಾಕರಿಸಿದರು. ಇಬ್ಬರೂ ಪ್ರತ್ಯಕ್ಷದರ್ಶಿಗಳಾದುದರಿಂದ ಉದ್ದೇಶದ ವಿಷಯದಲ್ಲಿ ಏಕಪಕ್ಷವಾಗಿ ತೀರ್ಮಾನಿಸುವುದು ಉಚಿತವಲ್ಲ. ಫಲವು ಮಾತ್ರ ನಿಸ್ಸಂದಿಗ್ಧ. ಆಪಲ್ ಕಂಪೆನಿ ೨೦೦೭ರಲ್ಲಿ ಡಿಟ್ರೇಸನ್ನೂ, ಬರ್ಕ್ಲಿ ಶಾಖೆಯ ಸಂತತಿಯಾದ ಫ್ರೀ ಬಿ.ಎಸ್.ಡಿ. ೨೦೦೮ರಲ್ಲಿ ಜಡ್.ಎಫ್.ಎಸ್.ನ್ನೂ ತಮ್ಮ ವ್ಯವಸ್ಥೆಗಳಲ್ಲಿ ಅಳವಡಿಸಿಕೊಂಡುವು; ಲಿನಕ್ಸಿನ ಮುಖ್ಯಪಾಠವು ಅವುಗಳನ್ನು ತನ್ನೊಳಗೆ ಸೇರಿಸಿಕೊಳ್ಳಲಿಲ್ಲ.

ಪ್ರಕಟನೆಯು ಸಮಗ್ರವಾಗಿಯೂ ಇರಲಿಲ್ಲ. ಇತರರ ಸ್ವಾಮ್ಯವಿದ್ದ ಕೆಲವು ಭಾಗಗಳನ್ನು ಯಂತ್ರರೂಪದಲ್ಲಿ ಮಾತ್ರ ಕೊಡಲಾಯಿತು. ನಾನಾ ದೇಶಭಾಷೆಗಳ ಅಕ್ಷರಕ್ರಮ, ದಿನಾಂಕ, ಸಂಖ್ಯಾರೂಪ ಮೊದಲಾದುವುಗಳನ್ನು ನಿರ್ವಹಿಸುವ ಭಾಗವೂ ಇವುಗಳಲ್ಲಿ ಒಂದು. ಸರ್ವದೇಶೀಯರಿಗೂ ತೆರೆದ ಪಾಠದಲ್ಲಿ ದೇಶಭಾಷೆಗಳಿಗೆ ಸಂಬಂಧಿಸಿದ ಪತ್ರವೇ ಮುಚ್ಚಿದ್ದುದು ವಿಚಿತ್ರ.

೬

ಪಾಠವನ್ನು ಕೊಟ್ಟುದು ಒಂದು. ಪಾಠದ ಮೇಲಣ ಅಧಿಕಾರವನ್ನು ಹಂಚಿಕೊಂಡುದು ಮತ್ತೊಂದು. ಎರಡನೆಯದರಲ್ಲಿ ಸನ್ ಹಿಂಜರಿಯಿತು. ಹೊರಗಿನವರು ಸೂಚಿಸಿದ ತಿದ್ದುಪಾಟುಗಳು ಕಂಪೆನಿಯ ನೌಕರರ ಕೈಯಿಂದಲೇ ಮುಖ್ಯಪಾಠವನ್ನು ಸೇರಬೇಕಾಗಿದ್ದಿತು. ತಿದ್ದುಪಾಟು ಕೊಡುವವನು ಮೊದಲು ಒಂದು ಕರಾರಿಗೆ ಸಹಿಮಾಡಿ, ತನ್ನ ಬರಹದ ಗ್ರಂಥಸ್ವಾಮ್ಯದಲ್ಲಿ ಕಂಪೆನಿಯನ್ನು ಪಾಲುಗಾರನನ್ನಾಗಿ ಮಾಡಿಕೊಳ್ಳಬೇಕಾಗಿದ್ದಿತು. ಇದರ ಪರಿಣಾಮವನ್ನು ಆಗ ಅರಿತವರು ವಿರಳ. ಪಾಠದ ಸ್ವಾಮಿಗೆ ತಾನೇ ಇತರರಿಗೆ ಕೊಟ್ಟ ಅನುಮತಿಪತ್ರದ ವಿಧಿಗಳು ಅನ್ವಯಿಸುವುದಿಲ್ಲ. ಬೇರೆಯವರೆಲ್ಲರೂ ತಿದ್ದಿದುದನ್ನು ತೋರಿಸಲು ಬದ್ಧರು. ಎಲ್ಲ ಭಾಗಗಳಲ್ಲಿಯೂ ಸ್ವಾಮ್ಯವುಳ್ಳ ಕಂಪೆನಿಯೊಂದು ಮಾತ್ರ ಬದ್ಧವಲ್ಲ.

ಸಮುದಾಯದ ಆಡಳಿತಕ್ಕಾಗಿ ಒಂದು ಮಂಡಲಿ ಏರ್ಪಟ್ಟಿದ್ದರೂ ಅದರ ಅಧಿಕಾರ ಹೆಸರಿಗೆ ಮಾತ್ರವಾಗಿದ್ದಿತು. ೨೦೦೭ರಲ್ಲಿ ಕಂಪೆನಿಯು ಒಂದು ಸಿದ್ಧವ್ಯವಸ್ಥೆಯನ್ನು ಸಮಗ್ರ ಸಮುದಾಯದ ಹೆಸರಾಗಿದ್ದ ‘ಓಪನ್ ಸೋಲಾರಿಸ್’ ಎಂಬ ಹೆಸರಿನಿಂದಲೇ ಹೊರತರಲು ನಿಶ್ಚಯಿಸಿದಾಗ ವಿವಾದವು ಬಲಿಯಿತು. ಅಂತರಜಾಲದ ವಿಧಿಗಳನ್ನು ರಚಿಸಿ ಖ್ಯಾತರಾದ ರಾಯ್ ಫೀಲ್ಡಿಂಗ್ ಈ ಕಾರಣದಿಂದ ೨೦೦೮ರ ಫೆಬ್ರುವರಿಯಲ್ಲಿ ಸಮುದಾಯದಿಂದ ಹೊರನಡೆದರು. ಆ ಸಿದ್ಧವ್ಯವಸ್ಥೆಯು ಅದೇ ವರ್ಷ ಮೇ ತಿಂಗಳಲ್ಲಿ ಪ್ರಕಟವಾಯಿತು.

ಇಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಒಂದಂಶವನ್ನು ಹೇಳಬೇಕಾಗಿದೆ. ಮೂಲಪಾಠವನ್ನು ಪ್ರಕಟಿಸಿದ ಮಾತ್ರಕ್ಕೆ ಸಾಮಾನ್ಯರಿಗೆ ಬಳಸಲು ಬರುವ ವ್ಯವಸ್ಥೆ ಸಿದ್ಧವಾಗುವುದಿಲ್ಲ. ಅದನ್ನು ಯಂತ್ರರೂಪಕ್ಕೆ ತಂದು ಉಳಿದ ಸಾಧನಗಳೊಡನೆ ಜೋಡಿಸಿ ಕೊಡುವವರು ಬೇಕು. ಸನ್ ಕಂಪೆನಿಗೆ ಬೆಂಗಳೂರಿನಲ್ಲಿ ಒಂದು ತಾಂತ್ರಿಕ ಕೇಂದ್ರವಿದ್ದಿತು. ಬೆಂಗಳೂರಿನ ತಂತ್ರಜ್ಞರು ಸೋಲಾರಿಸ್ ಪಾಠದಿಂದ ಬೆಲೆನಿಕ್ಸ್ ಎಂಬ ವ್ಯವಸ್ಥೆಯನ್ನು ಜೋಡಿಸಿದರು. ಯಂತ್ರದಲ್ಲಿ ಏನನ್ನೂ ಸ್ಥಾಪಿಸದೆ, ಒಂದು ಸಿ.ಡಿ.ಯಿಂದಲೇ ನೇರವಾಗಿ ನಡೆಯಬಲ್ಲುದಾಗಿದ್ದುದು ಇದರ ವೈಶಿಷ್ಟ್ಯ. ಮೇಲೆ ಹೇಳಿದ ೨೦೦೮ರ ವ್ಯವಸ್ಥೆಯು ಈ ಸಿ.ಡಿ. ವಿಧಾನವನ್ನೇ ಆಧಾರವಾಗಿ ತೆಗೆದುಕೊಂಡಿತು.

೭

ಓರಾಕಲ್ ಎಂಬ ಕಂಪೆನಿಯು ಸನ್ನನ್ನು ೭೪೦ ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ೨೦೦೯ರ ಏಪ್ರಿಲ್ ೨೦ರಂದು ಪ್ರಕಟಿಸಿತು. ೨೦೧೦ರ ಜನವರಿ ೨೭ರಂದು ಕ್ರಯವು ಪೂರ್ಣವಾಯಿತು. ಹೊಸ ಒಡೆಯರು ಸಮುದಾಯದ ಮಂಡಲಿಗೆ ಯಾವ ಉತ್ತರವನ್ನೂ ಕೊಡದೆ ತಿಂಗಳುಗಟ್ಟಲೆ ಸುಮ್ಮನಿದ್ದರು. ಆಗಸ್ಟ್ ೧೩ರಂದು ಕಂಪೆನಿಯ ಒಳಗಿನ ಒಂದು ಸೂಚನಾಪತ್ರ ಬಹಿರಂಗವಾಯಿತು. ದಿನದಿನದ ಮೂಲಪಾಠವನ್ನು ಇನ್ನು ಮೇಲೆ ಹೊರಗೆ ತೋರಿಸುವುದಿಲ್ಲವೆಂಬುದೂ, ಪೂರ್ಣಾವೃತ್ತಿ ಹೊರಟ ಅನಂತರ ಮುಕ್ತಭಾಗಗಳ ಪಾಠವನ್ನು ಕೊಡಲಾಗುವುದೆಂಬುದೂ ಅದರ ಸಾರಾಂಶ. ಆಗಸ್ಟ್ ೨೩ರಂದು ಮಂಡಲಿಯು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ೨೦೧೧ರ ನವೆಂಬರಿನಲ್ಲಿ ಸೋಲಾರಿಸಿನ ಹನ್ನೊಂದನೆಯ ಆವೃತ್ತಿ ಬಂದಿತು. ಅದರ ವ್ಯವಸ್ಥಾಮೂಲದ ಪಾಠ ಮಾತ್ರ ಬರಲಿಲ್ಲ.

ಆದರೆ ಆ ಪತ್ರವು ಬಯಲಾಗುವುದಕ್ಕೆ ಮೊದಲೇ, ಆಗಸ್ಟ್ ೩ರಂದು, ಗ್ಯಾರೆಟ್ ಡಿ'ಅಮೋರ್ ಎಂಬುವರ ಮುಂದಾಳುತನದಲ್ಲಿ ಇಲ್ಯುಮೋಸ್ ಎಂಬ ಶಾಖೆಯು ಘೋಷಿತವಾಗಿದ್ದಿತು. ಲ್ಯಾಟಿನ್ ಭಾಷೆಯ ಬೆಳಕಿನ ಧಾತುವಿನಿಂದ ಈ ಹೆಸರನ್ನು ಕಲ್ಪಿಸಿಕೊಂಡರು. ಪ್ರಕಟವಾಗಿದ್ದ ಪಾಠವನ್ನೇ ಮೂಲಪ್ರತಿಯಾಗಿ ಇಟ್ಟುಕೊಂಡು, ಮುಚ್ಚಿದ್ದ ಭಾಗಗಳ ಸ್ಥಾನದಲ್ಲಿ ಹೊಸ ಪಾಠವನ್ನು ತುಂಬುವುದು ಇವರ ಮೊದಲ ಕಾರ್ಯವಾಯಿತು. ದೇಶಭಾಷೆಗಳ ಭಾಗಕ್ಕೆ ಫ್ರೀ ಬಿ.ಎಸ್.ಡಿ.ಯ ಪಾಠವು ನೆರವಿಗೆ ಬಂದಿತು. ಸೋಲಾರಿಸಿನಿಂದ ಡಿಟ್ರೇಸ್, ಜಡ್.ಎಫ್.ಎಸ್.ಗಳನ್ನು ಪಡೆದಿದ್ದ ಶಾಖೆಯೇ ತಾಯಿಪಾಠದ ಲೋಪವನ್ನು ತುಂಬಿತು. ಇಲ್ಯುಮೋಸನ್ನು ಆಶ್ರಯಿಸಿ ೨೦೧೦ರ ಸೆಪ್ಟೆಂಬರಿನಲ್ಲಿ ಓಪನ್ ಇಂಡಿಯಾನ, ಮರುವರ್ಷ ಸ್ಮಾರ್ಟ್‌ಓಎಸ್ ಎಂಬ ವ್ಯವಸ್ಥೆಗಳು ಹುಟ್ಟಿದುವು. ಜಡ್.ಎಫ್.ಎಸ್.ನ ಹಲವು ಶಾಖೆಗಳವರು ೨೦೧೩ರಲ್ಲಿ ಓಪನ್ ಜಡ್.ಎಫ್.ಎಸ್. ಎಂಬ ಹೆಸರಿನಲ್ಲಿ ಒಂದುಗೂಡಿದರು.

೮

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಸನ್ ಮಾಡಿದ ಕಾರ್ಯಕ್ಕೆ ಯಾವ ಹೆಸರು ತಕ್ಕುದು? ಧರ್ಮಶಾಸ್ತ್ರಕಾರರು ದಾನಕ್ಕೆ ಎರಡು ಅಂಗಗಳನ್ನು ಹೇಳುವರು: ಕೊಡುವವನ ಸ್ವತ್ವವು ನಿವೃತ್ತವಾಗಬೇಕು, ಪಡೆಯುವವನ ಸ್ವತ್ವವು ಉತ್ಪನ್ನವಾಗಬೇಕು. ಇಲ್ಲಿ ಗ್ರಂಥಸ್ವಾಮ್ಯವು ಕಂಪೆನಿಯಲ್ಲಿಯೇ ಉಳಿದುದರಿಂದ ಇದು ದಾನವಲ್ಲ. ಕೆರೆ ಬಾವಿಗಳನ್ನು ಸಕಲಪ್ರಾಣಿಗಳಿಗಾಗಿ ಬಿಟ್ಟುಕೊಡುವ ಉತ್ಸರ್ಗವೆಂಬ ಕರ್ಮವು ಇದಕ್ಕೆ ಇನ್ನೂ ಸಮೀಪವಾದುದು. ಅಲ್ಲಿ ಪಡೆಯುವವನು ಯಾವನೊಬ್ಬನೂ ಅಲ್ಲ. ಕಟ್ಟಿಸಿದವನೂ ಇತರರಂತೆ ನೀರನ್ನು ಬಳಸಬಹುದು. ಆದರೆ ಉತ್ಸರ್ಗದಲ್ಲಿಯೂ ಕೊಟ್ಟವನ ಸ್ವತ್ವವು ಹೋಗುತ್ತದೆ, ಇಲ್ಲಿ ಹೋಗಲಿಲ್ಲ. ಆದುದರಿಂದ ಇದನ್ನು ಸ್ವಾಮ್ಯವನ್ನು ಉಳಿಸಿಕೊಂಡು ಬರೆದುಕೊಟ್ಟ ಅನುಮತಿ ಎನ್ನುವುದೇ ಯುಕ್ತ.

ಇಷ್ಟರಿಂದ ಇದನ್ನು ದಾನಕ್ಕಿಂತ ಕೀಳೆಂದು ತಿಳಿಯಬೇಕಾಗಿಲ್ಲ. ಕೊಟ್ಟುದನ್ನು ಹಿಂತೆಗೆದುಕೊಳ್ಳುವ ವಿವಾದವು ಪ್ರತ್ಯೇಕ ವ್ಯವಹಾರಪದವಾಗುವಷ್ಟು ಪ್ರಾಚೀನವಾದುದು. ದತ್ತಾಪಹಾರವನ್ನು ತಡೆಯುವುದಕ್ಕಾಗಿಯೇ ಶಾಸನಗಳ ಕೊನೆಯಲ್ಲಿ ಶಾಪವಾಕ್ಯಗಳನ್ನು ಕೆತ್ತಿಸುತ್ತಿದ್ದರು. ಭೂಮಿಯು ಒಂದೇ ಆದುದರಿಂದ ಅದನ್ನು ಕಸಿದುಕೊಳ್ಳಬಹುದು. ಪಾಠವಾದರೋ ನಕಲಾದಷ್ಟೂ ಹೆಚ್ಚುತ್ತದೆ. ಒಡೆಯನು ತನ್ನ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೂ ಇತರರ ಪ್ರತಿಗಳು ಓದಲು ಬರುತ್ತಲೇ ಇರುವುವು. ಓರಾಕಲ್ ಕಂಪೆನಿಗೆ ೨೦೧೦ರ ಮುಂದಿನ ಪಾಠವನ್ನು ಮುಚ್ಚಲು ಸಾಧ್ಯವಾಯಿತು. ಹಿಂದಿನದನ್ನು ಮುಚ್ಚಲು ಸಾಧ್ಯವಾಗಲಿಲ್ಲ.

ಹೀಗೆ ಪತ್ರದಲ್ಲಿ ಬರೆದುಕೊಟ್ಟುದು ಉಳಿಯಿತು. ಬರೆಯದೆ ಸೌಜನ್ಯದ ಮೇಲೆ ಬಿಟ್ಟುದು ಅಳಿಯಿತು. ಓದುವ, ತಿದ್ದುವ, ಹಂಚುವ ಹಕ್ಕುಗಳು ಮೊದಲನೆಯ ವರ್ಗಕ್ಕೆ ಸೇರಿದುವು. ಹೆಸರು, ಮಂಡಲಿಯ ಮಾನ್ಯತೆ, ಮುಂದಿನ ಪಾಠಗಳೂ ಬರುವುವೆಂಬ ನಂಬಿಕೆ ಎರಡನೆಯ ವರ್ಗಕ್ಕೆ ಸೇರಿದುವು. ಹೊರಗಿನವರು ಕರಾರಿನ ಮೇಲೆ ಕೊಟ್ಟ ತಿದ್ದುಪಾಟುಗಳನ್ನು ಕೂಡ ಕಂಪೆನಿಯು ತನ್ನ ಮುಚ್ಚಿದ ಆವೃತ್ತಿಯಲ್ಲಿ ಬಳಸಿಕೊಳ್ಳಲು ಅಧಿಕಾರ ಪಡೆದಿದ್ದಿತು. ಕೊಟ್ಟವರಿಗೆ ಆ ಆವೃತ್ತಿಯನ್ನು ಓದುವ ಅಧಿಕಾರವಿರಲಿಲ್ಲ.

ಇಲ್ಯುಮೋಸ್ ಶಾಖೆಯವರು ಇದನ್ನು ಮನಗಂಡು, ಗ್ರಂಥಸ್ವಾಮ್ಯವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲವೆಂಬ ಪದ್ಧತಿಯನ್ನು ಅನುಸರಿಸಿದರು. ಬರೆದವನ ಸ್ವಾಮ್ಯ ಬರೆದವನಲ್ಲಿಯೇ ಉಳಿಯುತ್ತದೆ. ಹೀಗಾಗಿ ಸಮಸ್ತಪಾಠಕ್ಕೂ ಒಡೆಯನಾಗಿ ವಿಧಿಗೆ ಹೊರಗಾಗಿ ನಿಲ್ಲಬಲ್ಲ ಒಬ್ಬನು ಅಲ್ಲಿ ಇಲ್ಲ. ೨೦೧೭ರ ಸೆಪ್ಟೆಂಬರಿನಲ್ಲಿ ಓರಾಕಲ್ ಸೋಲಾರಿಸಿನ ಕೆಲಸದಲ್ಲಿದ್ದವರಲ್ಲಿ ಬಹುಮಂದಿಯನ್ನು ಬಿಡಿಸಿತು. ಭಂಡಾರದಲ್ಲಿ ಉಳಿದ ಪಾಠವನ್ನು ಬಲ್ಲವರು ಹೀಗೆ ಚದರಿದರು. ೨೦೦೫ರಲ್ಲಿ ಹೊರಬಿದ್ದ ಪಾಠವನ್ನಾದರೋ, ಸನ್ನಿನಲ್ಲಿ ಒಂದು ದಿನವೂ ಕೆಲಸ ಮಾಡದವರು ಕೂಡ ಇಂದು ಓದಿ, ಬರೆದವರ ಟಿಪ್ಪಣಿಗಳೊಡನೆ ಅರ್ಥಮಾಡಿಕೊಂಡು, ತಿದ್ದಿ, ಮುಂದಕ್ಕೆ ಸಾಗಿಸುತ್ತಿದ್ದಾರೆ.